ಗೋಡೆ ಕೆಡವುವ ಮುಂಚೆ ಕಾಗದ ಹುಡುಕಿ: ಪಾಳುಬಿದ್ದ ಅಜ್ಜನ ಮನೆಗೆ ಪರವಾನಗಿ ಪಡೆದ ನನ್ನ ಅನುಭವ

ಹಳ್ಳಿಯಲ್ಲಿ ಪಾಳುಬಿದ್ದ ಮನೆ ಇರುವವರು ನನ್ನನ್ನು ಮೊದಲು ಕೇಳುವುದು ಒಂದೇ ಮಾತು. "ಕೆಡವಿ ಹೊಸದು ಕಟ್ಟೋದೇ ಸುಲಭ ಅಲ್ವಾ?" ಬೆಂಗಳೂರಿನ ಸುತ್ತಮುತ್ತಲ ಹಳ್ಳಿಗಳ ಮಟ್ಟಿಗೆ ನನ್ನ ಉತ್ತರ, ಅಲ್ಲ. ಸೂರು ಬಿದ್ದಿದ್ದರೂ ಪರವಾಗಿಲ್ಲ, ಗೋಡೆ ನಿಂತಿರುವ ತನಕ ಅದು ಮನೆ. ಗೋಡೆ ಕೆಡವಿದ ದಿನ ಅದು ಖಾಲಿ ನಿವೇಶನ. ಆಮೇಲೆ ನೀವು ಕೇಳುವುದು ಹೊಸ ಕಟ್ಟಡದ ಪರವಾನಗಿ. ಅದಕ್ಕೆ ಬೇರೆ ನಿಯಮ, ಬೇರೆ ಅಳತೆ. ಇರುವ ಮನೆಯನ್ನು ದುರಸ್ತಿ ಮಾಡುತ್ತೇವೆ ಅಂತ ಕೇಳುವ ದಾರಿ ಬೇರೆ. ನಾವು ಆ ಎರಡನೇ ದಾರಿ ಹಿಡಿದೆವು. ಈಗ ಆ ಮನೆಯಲ್ಲಿ ವಾಸ ಇದ್ದೇವೆ.

ಮನೆ ಇರುವುದು ಮಾಗಡಿ ತಾಲ್ಲೂಕಿನಲ್ಲಿ. ಅಪ್ಪ ಬಿನ್ನಿ ಮಿಲ್‌ ಕೆಲಸಕ್ಕೆ ಸೇರಿ ಬೆಂಗಳೂರಿಗೆ ಬಂದವರು, ಕಾಮಾಕ್ಷಿಪಾಳ್ಯದಲ್ಲೇ ಉಳಿದರು. ಅಜ್ಜಿ ಹೋದ ಮೇಲೆ ಹಳ್ಳಿ ಮನೆಗೆ ಬೀಗ ಬಿತ್ತು. ಐದಂಕಣದ ಮನೆ (ಅಂಕಣ ಅಂದರೆ ಎರಡು ಕಂಬದ ಸಾಲಿನ ನಡುವಿನ ಜಾಗ). ಮುಂದೆ ಜಗುಲಿ, ಒಳಗೆ ನಡುಮನೆ, ಪಕ್ಕದಲ್ಲಿ ಕೊಟ್ಟಿಗೆ, ಹಿಂದೆ ಹಿತ್ತಲು. ಅಡಿಪಾಯ ಕಲ್ಲಿನದು, ಅದರ ಮೇಲೆ ಎರಡಡಿ ದಪ್ಪದ ಮಣ್ಣಿನ ಗೋಡೆ. ಮುಂಭಾಗಕ್ಕೆ ಮಂಗಳೂರು ಹೆಂಚು, ಹಿಂಭಾಗಕ್ಕೆ ನಾಡ ಹೆಂಚು. ನಾನು ಕೈ ಹಾಕುವ ಹೊತ್ತಿಗೆ ಹಿಂದಿನ ಎರಡಂಕಣದ ಸೂರು ಪೂರ್ತಿ ಕುಸಿದಿತ್ತು. ಗೆದ್ದಲು ತಿಂದ ಜಂತಿಗಳು ನೆಲದಲ್ಲಿ ಬಿದ್ದಿದ್ದವು, ನಡುಮನೆಯಲ್ಲಿ ಹೊಂಗೆ ಗಿಡ ಎದ್ದಿತ್ತು. ಹಳೆ ಕಂಬ, ಬಾಗಿಲು ಕೊಳ್ಳುವವರು ಆಗಲೇ ಬಂದು ಚಿಕ್ಕಪ್ಪನ ಹತ್ತಿರ ರೇಟು ಮಾತಾಡಿ ಹೋಗಿದ್ದರು.

ಮೊದಲು ಗೊತ್ತಾಗಬೇಕಾದ್ದು, ಮನೆ ಗ್ರಾಮಠಾಣದೊಳಗಿದೆಯೋ ಸರ್ವೆ ನಂಬರಿನ ಜಮೀನಿನಲ್ಲಿದೆಯೋ ಅನ್ನುವುದು. ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿದೆ. ಗ್ರಾಮಠಾಣ ಅಂದರೆ ಊರಿನ ವಾಸದ ಜಾಗ. ಅಲ್ಲಿ ಮನೆಗೆ ಭೂಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸುವ ಅನುಮತಿ, ಬೇಕಿಲ್ಲ. ಜಮೀನಿನಲ್ಲಿದ್ದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಎದುರಾಗುತ್ತದೆ. ರೈತ ತನ್ನ ಹಿಡುವಳಿಯ ಶೇಕಡ 10ರೊಳಗೆ ತೋಟದ ಮನೆ ಕಟ್ಟಿಕೊಳ್ಳಬಹುದು, ಅದಕ್ಕೂ ಒಂದು ಗರಿಷ್ಠ ಮಿತಿ ಇದೆ. ಅದು ಮೀರಿದರೆ ಪರಿವರ್ತನೆ ಮಾಡಿಸಬೇಕು. ಇದನ್ನು ತಿಳಿಯಲು ಕಚೇರಿಗೆ ಓಡಬೇಕಿಲ್ಲ. ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕಾಶೆ ಸಿಗುತ್ತದೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಜಗುಲಿ ಮೇಲೆ ನಿಂತರೆ ನಿಂತ ಜಾಗ ಯಾವ ಸರ್ವೆ ನಂಬರು ಅಂತ ತೋರಿಸುತ್ತದೆ. ಆ್ಯಪ್ ಹೇಳಿದ್ದೇ ಕೊನೆ ಮಾತಲ್ಲ, ಆದರೆ ಸರ್ವೆಯರ್ ಹತ್ತಿರ ಹೋಗುವಾಗ ಏನು ಕೇಳಬೇಕು ಅಂತ ನಿಮಗೆ ಗೊತ್ತಿರುತ್ತದೆ. ನಮ್ಮ ಮನೆ ಗ್ರಾಮಠಾಣದ ಒಳಗಿತ್ತು. ಹಿತ್ತಲಿನ ಕೊನೆಯ ಒಂದು ಪಟ್ಟಿ ಮಾತ್ರ ಪಕ್ಕದ ಸರ್ವೆ ನಂಬರಿಗೆ ಸೇರಿತ್ತು. ಆ ಪಟ್ಟಿಯಲ್ಲಿ ಒಂದು ಕಲ್ಲನ್ನೂ ಇಡುವುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆವು. ಈಗ ಅಲ್ಲಿ ಕರಿಬೇವು, ನುಗ್ಗೆ ಇದೆ.

ಎರಡನೆಯದು, ಈ ಮನೆ ಸರ್ಕಾರದ ಪುಸ್ತಕದಲ್ಲಿ ಎಲ್ಲಿದೆ ಅನ್ನುವುದು. ನಮ್ಮ ಕೈಯಲ್ಲಿ ಇದ್ದದ್ದು ಅಜ್ಜನ ಹೆಸರಿನ ಹಳೆಯ ವಿಭಾಗ ಪತ್ರ, ಒಂದಷ್ಟು ಕಂದಾಯ ರಸೀದಿ. ಪತ್ರದಲ್ಲಿ ಅಳತೆ ಮೊಳದ ಲೆಕ್ಕದಲ್ಲಿತ್ತು. ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ಕಡೆಯ ಗಡಿಯ ವಿವರದಲ್ಲಿ, ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ದಾಯಾದಿಗಳ ಕೊಟ್ಟಿಗೆ, ಉತ್ತರಕ್ಕೆ ಶಾನುಭೋಗರ ಹಿತ್ತಲು ಅಂತ ಬರೆದಿತ್ತು. ಆ ಕೊಟ್ಟಿಗೆಯೂ ಇಲ್ಲ, ಶಾನುಭೋಗರ ಹಿತ್ತಲು ಯಾರದ್ದೋ ಆಗಿ ಬಹಳ ಕಾಲವಾಗಿದೆ. ಓಣಿ ಒಂದೇ ಹಾಗೇ ಉಳಿದಿತ್ತು. ಪಂಚಾಯ್ತಿಯ ಬಿಲ್ ಕಲೆಕ್ಟರ್ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಮೇಡಂ, ಇದ್ರಲ್ಲಿ ಖಾನೇಷುಮಾರಿ ನಂಬರ್ ಇದೆ ನೋಡಿ, ಅದನ್ನ ಹಿಡ್ಕೊಳ್ಳಿ" ಅಂದರು. ಹಳೆ ಮೈಸೂರು ಕಡೆಯ ಊರುಗಳಲ್ಲಿ ಊರೊಳಗಿನ ಮನೆಗಳಿಗೆ ಕೊಟ್ಟಿದ್ದ ನಂಬರು ಅದು. ಈಗಿನ ಆಸ್ತಿ ನಂಬರು ಬೇರೆ. ಎರಡರ ನಡುವೆ ಕೊಂಡಿ ಹಾಕುವುದು ತೆರಿಗೆ ರಿಜಿಸ್ಟರ್, ಅಂದರೆ ಪ್ರತಿ ಮನೆಗೂ ಕಂದಾಯ ಎಷ್ಟು ಅಂತ ಬರೆದಿಟ್ಟ ದಪ್ಪ ಪುಸ್ತಕ.

ಆ ಪುಸ್ತಕ ನಮ್ಮ ಪಂಚಾಯ್ತಿಯಲ್ಲಿ ಇರಲಿಲ್ಲ. ಕಾರಣ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. 1987ರಿಂದ ನಮ್ಮಲ್ಲಿ ಮಂಡಲ ಪಂಚಾಯ್ತಿಗಳಿದ್ದವು. 1993ರ ಪಂಚಾಯತ್ ರಾಜ್ ಕಾಯ್ದೆ ಬಂದ ಮೇಲೆ ಗ್ರಾಮ ಪಂಚಾಯ್ತಿಗಳಾದವು. ಹಾಗೆ ಒಡೆದು ಮಾಡುವಾಗ ಎಷ್ಟೋ ಊರುಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋದವು, ಹಳೆ ಪುಸ್ತಕಗಳು ಹಳೆ ಕಚೇರಿಯಲ್ಲೇ ಉಳಿದವು. ನಮ್ಮ ಊರಿನ ರಿಜಿಸ್ಟರ್ ಸಿಕ್ಕಿದ್ದು ಹಿಂದಿನ ಮಂಡಲ ಪಂಚಾಯ್ತಿಯ ಊರಿನಲ್ಲಿ. ಬಾಯಲ್ಲಿ ಕೇಳಿದಾಗ "ಹುಡುಕಬೇಕು" ಅಂದರು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ, ಇಂಥ ಊರು, ಇಂಥ ಖಾನೇಷುಮಾರಿ ನಂಬರ್, ಇಷ್ಟನೇ ಇಸವಿಯಿಂದ ಇಷ್ಟನೇ ಇಸವಿವರೆಗಿನ ಪುಟಗಳ ದೃಢೀಕೃತ ನಕಲು ಬೇಕು ಅಂತ ಬರೆದು ಕೊಟ್ಟೆ. ಕಾಯ್ದೆಯಲ್ಲಿ ಉತ್ತರಕ್ಕೆ 30 ದಿನದ ಗಡುವಿದೆ. ನಕಲು ಬಂತು. ಅಜ್ಜನ ಹೆಸರು, ಎದುರಿಗೆ "ವಾಸದ ಮನೆ, ಹೆಂಚು" ಅನ್ನುವ ಮೂರು ಪದ. ನಮ್ಮ ಇಡೀ ಕಡತದಲ್ಲಿ ಅದಕ್ಕಿಂತ ಬೆಲೆಬಾಳುವ ಪುಟ ಇನ್ನೊಂದಿಲ್ಲ.

ಹಳೆ ಕಾಗದ ಹುಡುಕುವವರಿಗೆ ಇನ್ನೊಂದು ವಿಷಯ ಹೇಳಬೇಕು. ಮಾಗಡಿ ಕಡೆಯ ಒಂದೇ ಮನೆ ಬೇರೆ ಬೇರೆ ಪತ್ರಗಳಲ್ಲಿ ಬೇರೆ ಬೇರೆ ಜಿಲ್ಲೆಯಲ್ಲಿರುತ್ತದೆ. 1986ಕ್ಕೆ ಮುಂಚೆ ಬೆಂಗಳೂರು ಜಿಲ್ಲೆ, ಆಮೇಲೆ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಲ್ಲಿ ಅದರ ಹೆಸರು ಬೆಂಗಳೂರು ದಕ್ಷಿಣ ಆಯಿತು. ಕಂಪ್ಯೂಟರಿನಲ್ಲಿ ಹುಡುಕುವಾಗ ಈಗಿನ ಜಿಲ್ಲೆ ಹಾಕಬೇಕು, ಹಳೆ ರೆಕಾರ್ಡ್ ರೂಮಿನಲ್ಲಿ ಕೇಳುವಾಗ ಆಗಿನ ಜಿಲ್ಲೆ ಹೇಳಬೇಕು. ಆಸ್ತಿಯ ಮೇಲೆ ಸಾಲ, ಮಾರಾಟ ಏನೇನು ನೋಂದಣಿಯಾಗಿದೆ ಅಂತ ತೋರಿಸುವ ಋಣಭಾರ ಪತ್ರದ್ದೂ ಇದೇ ಕಥೆ. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದಕ್ಕೂ ಹಳೆಯದಕ್ಕೆ ಉಪನೋಂದಣಿ ಕಚೇರಿಯಲ್ಲೇ ಕೇಳಬೇಕು.

ಇನ್ನು ಮನೆಯವರ ಸಹಿ. ಅಜ್ಜನ ಹೆಸರಿನಲ್ಲಿದ್ದ ಖಾತೆ ಅಪ್ಪನ ಹೆಸರಿಗೆ ಬಂದಿರಲೇ ಇಲ್ಲ. ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾವಣೆ, ಮಾಡಿಸಬೇಕಿತ್ತು. ಅದಕ್ಕೆ ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಸುವ ಕೆಟ್ಟ ಅಭ್ಯಾಸ ಹಳ್ಳಿಗಳಲ್ಲಿ ಇನ್ನೂ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಕಾನೂನಿನಲ್ಲಿ ನಿಲ್ಲುವುದಿಲ್ಲ ಅನ್ನುವುದು ಒಂದು, ನ್ಯಾಯವೂ ಅಲ್ಲ ಅನ್ನುವುದು ಇನ್ನೊಂದು. ಕರ್ನಾಟಕ 1994ರಲ್ಲೇ, ಅಲ್ಲಿಯವರೆಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಟ್ಟಿತ್ತು. ದೇಶಕ್ಕೆಲ್ಲ, ಮದುವೆಯಾದವರಿಗೂ ಸೇರಿ, ಅದು ಬಂದಿದ್ದು 2005ರ ತಿದ್ದುಪಡಿಯಲ್ಲಿ. ನಾನು ಸೋದರತ್ತೆಯನ್ನು ಕೇಳಲು ತುಮಕೂರಿಗೆ ಹೋದೆ. ಮನೆ ಕೆಡವಲ್ಲ, ಎಬ್ಬಿಸಿ ನಿಲ್ಲಿಸ್ತೀವಿ ಅಂತ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೇನೂ ಬ್ಯಾಡ ಕಣವ್ವ. ಬಂದಾಗ ಮಲಗಕ್ಕೆ ಒಂದ್ ಕೋಣೆ ಇರ್ಲಿ, ಅಷ್ಟೇಯ" ಅಂದರು. ಹಕ್ಕು ಬಿಡುಗಡೆ ಪತ್ರ ನೋಂದಣಿ ಆಯಿತು. ಅತ್ತೆಗೆ ಅಂತಲೇ ಕೊಟ್ಟಿಗೆಯ ಪಕ್ಕದ ಕೋಣೆ ಮಾಡಿದ್ದೇವೆ, ನಕ್ಷೆಯಲ್ಲೂ ಅದು ಮಲಗುವ ಕೋಣೆ ಅಂತಲೇ ಇದೆ. ಚಿಕ್ಕಪ್ಪನನ್ನು ಒಪ್ಪಿಸುವುದು ಕಷ್ಟವಾಯಿತು. ಅವರಿಗೆ ಕಂಬ ಮಾರಿ ಬರುವ ದುಡ್ಡು ಕಣ್ಣಿಗೆ ಕಾಣುತ್ತಿತ್ತು. ಅವರ ಪಾಲಿನ ಬೆಲೆ ಕಟ್ಟಿಕೊಟ್ಟ ಮೇಲೆ ಸಹಿ ಹಾಕಿದರು.

ಇಷ್ಟಾದ ಮೇಲೆ ಇ-ಸ್ವತ್ತು, ಅಂದರೆ ಪಂಚಾಯ್ತಿ ಆಸ್ತಿಗಳ ಕಂಪ್ಯೂಟರ್ ದಾಖಲೆ. ಪಂಚಾಯ್ತಿ ವ್ಯಾಪ್ತಿಯ ಗ್ರಾಮಠಾಣದ ಆಸ್ತಿಗೆ ಅದರಲ್ಲಿ ಕೊಡುವ ಖಾತೆ ಪತ್ರಗಳಾದ ನಮೂನೆ 9 ಮತ್ತು 11ಎ ಬೇಕು. ಇವಿಲ್ಲದೆ ಮಾರಾಟ, ಬ್ಯಾಂಕ್ ಸಾಲ, ಯಾವುದೂ ಮುಂದೆ ಹೋಗುವುದಿಲ್ಲ. 11ಬಿ ಬೇರೆ ಥರದ್ದು, ಗ್ರಾಮಠಾಣವೂ ಅಲ್ಲದ, ಪರಿವರ್ತನೆಯೂ ಆಗದ ಆಸ್ತಿಗಳಿಗೆ ಕೊಡುವುದು. ನಿಮ್ಮ ಮನೆ ಗ್ರಾಮಠಾಣದಲ್ಲಿದ್ದೂ 11ಬಿ ಕೊಟ್ಟರೆ ಸುಮ್ನೆ ತೆಗೆದುಕೊಂಡು ಬರಬೇಡಿ, ಕಾರಣ ಕೇಳಿ. ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಸರ್ವೆಯರ್ ಬಂದು ಅಳೆದು ನಕ್ಷೆ ಮಾಡಿಕೊಡುತ್ತಾರೆ. ಅಳೆಯುವ ದಿನ ಅಕ್ಕಪಕ್ಕದವರನ್ನು ಕರೆದು ನಿಲ್ಲಿಸಿಕೊಳ್ಳಿ. ಪತ್ರದ ಮೊಳದ ಲೆಕ್ಕಕ್ಕೂ ಟೇಪಿನ ಅಡಿಗೂ ಪೂರ್ತಿ ತಾಳೆ ಆಗುವುದಿಲ್ಲ. ನಿಂತಿರುವ ಗೋಡೆಯ ಹೊರಮೈ ಎಲ್ಲಿದೆಯೋ ಅದೇ ಗಡಿ ಅಂತ ನೆರೆಯವರು ಅಲ್ಲೇ ಒಪ್ಪಿದರೆ ತಕರಾರು ಹುಟ್ಟುವುದಿಲ್ಲ. ಗೋಡೆಯೇ ಇಲ್ಲದಿದ್ದರೆ ಏನನ್ನು ತೋರಿಸಿ ಒಪ್ಪಿಸುತ್ತೀರಿ?

ಡ್ರೋನ್ ಸರ್ವೆ ಬಗ್ಗೆಯೂ ಒಂದು ಮಾತು. ಸ್ವಾಮಿತ್ವ ಯೋಜನೆ 2020ರ ಏಪ್ರಿಲ್ 24ರಂದು ಶುರುವಾದದ್ದು. ಊರೊಳಗಿನ ಆಸ್ತಿಗಳ ಗಡಿಯನ್ನು ನೆಲದ ಮೇಲೆ ಸುಣ್ಣದಲ್ಲಿ ಗುರುತು ಮಾಡಿ, ಮೇಲಿಂದ ಡ್ರೋನ್ ಚಿತ್ರ ತೆಗೆದು, ಆಸ್ತಿ ಕಾರ್ಡ್ ಕೊಡುವುದು ಉದ್ದೇಶ. ಒಳ್ಳೆಯ ಯೋಜನೆ. ಆದರೆ ಬೀಗ ಹಾಕಿ ಊರು ಬಿಟ್ಟವರ ಮನೆಗೆ ಸುಣ್ಣ ಎಳೆಯುವಾಗ ಯಾರು ನಿಲ್ಲುತ್ತಾರೆ? ಸೂರು ಬಿದ್ದ ಮನೆ ಮೇಲಿಂದ ಗಿಡಗಂಟಿ ತುಂಬಿದ ಖಾಲಿ ಜಾಗದ ಹಾಗೇ ಕಾಣುತ್ತದೆ. ನಿಮ್ಮ ಊರಲ್ಲಿ ಸರ್ವೆ ಇದ್ದರೆ ಆ ದಿನ ರಜೆ ಹಾಕಿ ಹೋಗಿ.

ಮನೆಯ ಸುತ್ತ ಏನಿದೆ ಅಂತಲೂ ನೋಡಬೇಕು. ಅರ್ಕಾವತಿಯ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ನೀರು ಹರಿಯುವ ಪ್ರದೇಶದಲ್ಲಿ 2003ರಿಂದ ಕಟ್ಟಡಗಳ ಮೇಲೆ ವಿಶೇಷ ನಿರ್ಬಂಧ ಇದೆ. ಕೆರೆ, ರಾಜಕಾಲುವೆ, ಹೆದ್ದಾರಿ ಪಕ್ಕದಲ್ಲಿದ್ದರೆ ಬಿಡಬೇಕಾದ ಅಂತರ ಇದೆ. ದೇವನಹಳ್ಳಿ ಕೋಟೆ, ನಂದಿಯ ಭೋಗನಂದೀಶ್ವರ ದೇವಸ್ಥಾನದಂಥ ರಕ್ಷಿತ ಸ್ಮಾರಕದ ಹತ್ತಿರವಿದ್ದರಂತೂ ದುರಸ್ತಿಗೂ ಹೊಸ ಕಟ್ಟಡಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತೆಯೇ ಇಲ್ಲ. ಆದರೆ 1992ರ ಜೂನ್ 16ಕ್ಕೆ ಮುಂಚಿನಿಂದ ಇರುವ ಮನೆಯಾದರೆ ದುರಸ್ತಿಗೆ, ನವೀಕರಣಕ್ಕೆ ಅನುಮತಿ ಕೇಳಬಹುದು. ಅಂಥ ಜಾಗದಲ್ಲಿ ಹಳೆ ಮನೆ ಕೆಡವಿ ಬಯಲು ಮಾಡಿಕೊಂಡವರಿಗೆ ಇನ್ನೆಂದೂ ಮನೆ ಇಲ್ಲ.

ಈಗ ಅರ್ಜಿಯ ವಿಷಯ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಪ್ರಕಾರ ಹೊಸ ಕಟ್ಟಡಕ್ಕೆ ಗ್ರಾಮ ಪಂಚಾಯ್ತಿಯ ಲಿಖಿತ ಅನುಮತಿ ಬೇಕು. ಇರುವ ಕಟ್ಟಡವನ್ನು ಬದಲಾಯಿಸಲು, ಅದಕ್ಕೆ ಸೇರಿಸಲು, ಅದನ್ನು ಮತ್ತೆ ಕಟ್ಟಲು ಕೂಡ ಬೇಕು. "ಹಳೆ ಮನೆ ತಾನೆ, ಯಾರು ಕೇಳ್ತಾರೆ" ಅನ್ನುವವರು ಇದನ್ನು ಗಮನಿಸಬೇಕು. ಇದರ ಜೊತೆಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಬೆಂಗಳೂರಿನ ಸುತ್ತಲ ಬಹುಪಾಲು ಹಳ್ಳಿಗಳು ಯಾವುದಾದರೂ ಒಂದು ಯೋಜನಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತವೆ. ಆನೇಕಲ್, ಹೊಸಕೋಟೆ, ನೆಲಮಂಗಲ, ಮಾಗಡಿ, ಹೀಗೆ ಒಂದೊಂದು ಕಡೆಗೆ ಒಂದೊಂದು. ಆ ಕಾಯ್ದೆಯ 14ನೇ ಕಲಂನಲ್ಲಿ ನಮ್ಮಂಥವರಿಗೆ ಮುಖ್ಯವಾದ ಒಂದು ವಿನಾಯಿತಿ ಇದೆ. ಕಟ್ಟಡದ ಒಳಗೆ ಮಾತ್ರ ನಡೆಯುವ, ಇಲ್ಲವೇ ಹೊರನೋಟವನ್ನು ಹೆಚ್ಚೇನೂ ಬದಲಿಸದ ನಿರ್ವಹಣೆ, ಸುಧಾರಣೆ ಕೆಲಸಗಳಿಗೆ ಯೋಜನಾ ಅನುಮತಿ ಬೇಕಿಲ್ಲ. ನಮ್ಮ ಅರ್ಜಿಯನ್ನು ಈ ಸಾಲಿನ ಸುತ್ತಲೇ ಕಟ್ಟಿದೆವು. ಅದೇ ಗೋಡೆ, ಅದೇ ಎತ್ತರ, ಅದೇ ಇಳಿಜಾರು, ಅದೇ ಹೆಂಚು. ಹೊಸದು ಅಂತ ಇದ್ದದ್ದು ಹಿತ್ತಲ ಕಡೆ ಒಂದು ಬಚ್ಚಲು, ಶೌಚಾಲಯ. ಅದಕ್ಕೆ ಬೇರೆಯಾಗಿ ಅನುಮತಿ ಕೇಳಿದೆವು. ಎರಡನ್ನೂ ಕಲಸಲಿಲ್ಲ.

ನಕ್ಷೆ ಮಾಡಿಸಿದ್ದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬಹಳ ಜನಕ್ಕೆ ಅನುಮತಿ ನಿಲ್ಲುವುದು ಇಲ್ಲೇ. ಸಾಮಾನ್ಯವಾಗಿ ಎಂಜಿನಿಯರ್‌ಗಳು ಮೂವತ್ತು ನಲವತ್ತರ ಸೈಟಿಗೆ ಮಾಡುವ ನಕ್ಷೆಯನ್ನೇ ಇಲ್ಲಿಗೂ ಮಾಡಿಕೊಡುತ್ತಾರೆ. ಅದರಲ್ಲಿ ಕಾಣುವುದು ಹೊಸ ಮನೆ ಮಾತ್ರ. ಹಾಗೆ ಕೊಟ್ಟರೆ ಪಂಚಾಯ್ತಿಯವರು ಹೊಸ ಮನೆಯ ನಿಯಮವನ್ನೇ ನೋಡುತ್ತಾರೆ. ನಾಲ್ಕೂ ಕಡೆ ಎಷ್ಟು ಜಾಗ ಬಿಟ್ಟಿದ್ದೀರಿ ಅಂತ ಕೇಳುತ್ತಾರೆ, ಕೇಳಬೇಕಾದ್ದೇ. ಗ್ರಾಮಠಾಣದ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿರುತ್ತವೆ. ಎಲ್ಲಿಂದ ಬಿಡುವುದು? ಐದಂಕಣದಲ್ಲಿ ಎರಡಂಕಣ ಅದಕ್ಕೇ ಹೋಗುತ್ತದೆ. ಆದ್ದರಿಂದ ನಾವು ಎರಡು ಹಾಳೆ ಮಾಡಿಸಿದೆವು. ಮೊದಲ ಹಾಳೆಯಲ್ಲಿ ಈಗ ಇರುವ ಮನೆ, ಇದ್ದದ್ದು ಇದ್ದ ಹಾಗೆ. ಗೋಡೆಯ ದಪ್ಪ, ಎತ್ತರ, ಕಂಬದ ಜಾಗ, ಸೂರು ಬಿದ್ದ ಭಾಗಕ್ಕೆ ಗುರುತು. ಎರಡನೆಯದರಲ್ಲಿ ಮಾಡುವ ಕೆಲಸ. ತೆಗೆಯುವ ಭಾಗಕ್ಕೆ ಹಳದಿ, ಹೊಸದಕ್ಕೆ ಕೆಂಪು. ಹಳದಿ ಬಹಳ ಕಡಿಮೆ ಇತ್ತು, ಕೆಂಪು ಬಚ್ಚಲಿನ ಹತ್ತಿರ ಮಾತ್ರ. ಹಾಳೆ ನೋಡಿದ ಕೂಡಲೇ ಇದು ದುರಸ್ತಿ ಅಂತ ಯಾರಿಗಾದರೂ ಗೊತ್ತಾಗುವ ಹಾಗಿತ್ತು. ಜೊತೆಗೆ ಪ್ರತಿ ಗೋಡೆಯ ಫೋಟೋ, ಯಾವ ಫೋಟೋ ಎಲ್ಲಿ ನಿಂತು ತೆಗೆದದ್ದು ಅಂತ ನಕ್ಷೆಯಲ್ಲಿ ಬಾಣದ ಗುರುತು. ಇದರ ಹಿಂದೆ ತೆರಿಗೆ ರಿಜಿಸ್ಟರಿನ ಆ ಪುಟ.

ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕಡತ ತಿರುವಿ ಹಾಕಿ, "ಸೂರೇ ಇಲ್ವಲ್ಲ ಮೇಡಂ, ಇದನ್ನ ಮನೆ ಅಂತ ಹೆಂಗೆ ಬರೀಲಿ?" ಅಂದರು. ನ್ಯಾಯವಾದ ಪ್ರಶ್ನೆಯೇ. ನಾಳೆ ಯಾರಾದರೂ ಆಕ್ಷೇಪಣೆ ಹಾಕಿದರೆ ಉತ್ತರ ಕೊಡಬೇಕಾದವರು ಅವರು. "ನೀವೇ ಒಂದು ಸಲ ಬಂದು ನೋಡಿ ಸಾರ್, ನೋಡಿದ್ದನ್ನ ಬರೀರಿ" ಅಂದೆ. ಬಂದರು. ಸ್ಥಳ ಮಹಜರು ಮಾಡಿದರು, ಅಂದರೆ ಸಾಕ್ಷಿಗಳ ಎದುರು ಕಂಡದ್ದನ್ನು ಬರೆದುಕೊಂಡರು. ಮುಂದಿನ ಮೂರಂಕಣಕ್ಕೆ ಸೂರು ಇತ್ತು, ಬಾಗಿಲಿತ್ತು, ಗೂಡಿನಲ್ಲಿ ದೀಪದ ಮಸಿ ಇತ್ತು, ಗೋಡೆಗೆ ಬೆಸ್ಕಾಂ ಮೀಟರ್ ಇತ್ತು. ಸುತ್ತಲ ಗೋಡೆಗಳು ಪೂರ್ತಿ ಎತ್ತರಕ್ಕೆ ನಿಂತಿದ್ದವು. ಊರಿನ ಹಿರಿಯರಿಬ್ಬರು ಪಂಚರಾಗಿ ಸಹಿ ಹಾಕಿದರು. ಮಹಜರಿನಲ್ಲಿ "ಶಿಥಿಲಗೊಂಡ ವಾಸದ ಮನೆ" ಅಂತ ಬರೆದರು. ಆ ಮಾತು ಬರೆದ ಮೇಲೆ ಕಡತ ಸರಾಗವಾಗಿ ನಡೆಯಿತು. ಯೋಜನಾ ಪ್ರಾಧಿಕಾರದ ಅಭಿಪ್ರಾಯಕ್ಕೆ ಹೋಗಿ, ಹೊರ ಅಳತೆ ಬದಲಾಗಬಾರದು ಅನ್ನುವ ಷರತ್ತಿನೊಂದಿಗೆ ವಾಪಸು ಬಂತು. ಅರ್ಜಿ ಕೊಟ್ಟಾಗ, ಸರ್ಕಾರಿ ಸೇವೆ ಗಡುವಿನೊಳಗೆ ಸಿಗಲಿ ಅಂತ ಇರುವ ಸಕಾಲ ಯೋಜನೆಯ 15 ಅಂಕಿಯ ನಂಬರನ್ನು ಕೇಳಿ ಪಡೆಯಿರಿ. ಅದಿದ್ದರೆ ಕಡತ ಯಾರ ಮೇಜಿನ ಮೇಲಿದೆ ಅಂತ ಬೆಂಗಳೂರಿನಲ್ಲಿ ಕೂತೇ ನೋಡಬಹುದು.

ಮಣ್ಣಿನ ಗೋಡೆಗೆ ಎಂಜಿನಿಯರ್ ಪ್ರಮಾಣಪತ್ರ ಸಿಗುವುದು ಕಷ್ಟ. ಕಾಂಕ್ರೀಟ್ ಕಂಬ ಹಾಕಿದರೆ ಮಾತ್ರ ಸಹಿ ಅಂದವರೇ ಜಾಸ್ತಿ. ಈ ಕೆಲಸ ಬಲ್ಲವರು ಬೆಂಗಳೂರಿನಲ್ಲೇ ಇದ್ದಾರೆ ಅನ್ನುವುದು ನಮ್ಮ ಪುಣ್ಯ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಅವರಂಥವರು ಮಣ್ಣಿನ ಕಟ್ಟಡದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಆ ಪರಂಪರೆಯಲ್ಲಿ ಕಲಿತ ಎಂಜಿನಿಯರ್‌ಗಳು ನಗರದಲ್ಲಿ ಸಿಗುತ್ತಾರೆ. ನಮಗೆ ಸಿಕ್ಕವರು ಮೊದಲು ಮಾಡಿದ್ದು ಗೋಡೆಯ ಬುಡ ಅಗೆಸಿ ನೋಡುವ ಕೆಲಸ. ಕಲ್ಲಿನ ಅಡಿಪಾಯ ಗಟ್ಟಿ ಇತ್ತು. ಬಿರುಕುಗಳ ಮೇಲೆ ಗಾಜಿನ ಪಟ್ಟಿ ಅಂಟಿಸಿ ಒಂದು ಮಳೆಗಾಲ ಬಿಟ್ಟರು. ಪಟ್ಟಿ ಒಡೆಯಲಿಲ್ಲ. ಅಂದರೆ ಬಿರುಕು ಹಳೆಯದು, ಗೋಡೆ ಅಲುಗುತ್ತಿಲ್ಲ. ಹಿಂದಿನ ಮೂಲೆಯೊಂದು ಮಾತ್ರ ನೀರು ಕುಡಿದು ಕರಗಿತ್ತು, ಅದನ್ನು ಅದೇ ಮಣ್ಣಿನಲ್ಲಿ ಮತ್ತೆ ಕಟ್ಟಬೇಕು ಅಂತ ಬರೆದು ಸಹಿ ಹಾಕಿದರು.

ಪಶ್ಚಿಮದ ನಡುಗೋಡೆ ನಮಗೂ ಪಕ್ಕದ ಮನೆಗೂ ಸೇರಿದ್ದು. ನಮ್ಮ ತೊಲೆ ಒಂದು ಕಡೆಯಿಂದ, ಅವರ ತೊಲೆ ಇನ್ನೊಂದು ಕಡೆಯಿಂದ ಅದರ ಮೇಲೆ ಕೂತಿದೆ. ಕಾನೂನಿನ ಕಾಗದ ಎಷ್ಟಿದ್ದರೂ ನೆರೆಯವರ ಒಪ್ಪಿಗೆ ಇಲ್ಲದೆ ಇಂಥ ಗೋಡೆ ಮುಟ್ಟಬಾರದು ಅನ್ನುವುದು ನನ್ನ ಅಭಿಪ್ರಾಯ. ಅವರ ಹೆದರಿಕೆ ಇದ್ದದ್ದು, ನಾವು ನಮ್ಮ ಸೂರು ಎತ್ತರಿಸಿ ನೀರನ್ನು ಅವರ ಕಡೆಗೆ ಬಿಡುತ್ತೇವೆ ಅಂತ. ನಕ್ಷೆ ತೋರಿಸಿ, ಎತ್ತರ ಅಷ್ಟೇ ಇರುತ್ತೆ, ಸೂರಿನ ನೀರು ಇಳಿಯುವ ದೋಣಿಯಲ್ಲಿ ಬರುವ ನೀರು ನಮ್ಮ ಹಿತ್ತಲಿಗೇ ಇಳಿಯುತ್ತೆ, ಗೋಡೆ ತಲೆಗೆ ಗಾರೆ ಹಾಕಿಸೋದು ಎರಡೂ ಕಡೆಗೂ ನಮ್ಮ ಖರ್ಚು ಅಂತ ಛಾಪಾ ಕಾಗದದ ಮೇಲೆ ಬರೆದುಕೊಂಡೆವು. ಅದರ ನಕಲನ್ನೂ ಅರ್ಜಿಗೆ ಸೇರಿಸಿದೆ. ಅವತ್ತಿನಿಂದ ಪಕ್ಕದ ಮನೆಯ ಅಜ್ಜಿಯೇ ನಮ್ಮ ಕೆಲಸದ ಕಾವಲು. ಹೆಂಚು ಇಳಿಸಿ ಜೋಡಿಸಿಟ್ಟಿದ್ದನ್ನು ಒಬ್ಬರೂ ಮುಟ್ಟದ ಹಾಗೆ ನೋಡಿಕೊಂಡರು.

ಕೆಲಸದ ಬಗ್ಗೆ ಎಲ್ಲವನ್ನೂ ಬರೆಯಲು ಹೋದರೆ ಮುಗಿಯುವುದಿಲ್ಲ. ಪರವಾನಗಿಗೆ ಸಂಬಂಧಪಟ್ಟ ಒಂದನ್ನು ಮಾತ್ರ ಹೇಳುತ್ತೇನೆ. ಅನುಮತಿಯಲ್ಲಿ ದುರಸ್ತಿ ಅಂತ ಬರೆಸಿಕೊಂಡ ಮೇಲೆ ಕೆಲಸವೂ ದುರಸ್ತಿಯಾಗಿಯೇ ಇರಬೇಕು. ಮೇಸ್ತ್ರಿ ಸಿಮೆಂಟ್ ಗಿಲಾವು ಮಾಡೋಣ ಅಂದಾಗ ಬೇಡ ಅಂದೆ. ಇದೇ ಊರಿನ ಇನ್ನೊಂದು ಮನೆಯ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದದ್ದನ್ನು ಅವರಿಗೇ ತೋರಿಸಿದೆ. ಬುಡದಲ್ಲಿ ಗಿಲಾವು ಹಪ್ಪಳದಂತೆ ಎದ್ದು ನಿಂತಿತ್ತು. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಹಿಂದೆ ಮಣ್ಣು ಒದ್ದೆಯಾಗಿ ಪುಡಿಪುಡಿಯಾಗಿತ್ತು. ಮಣ್ಣಿನ ಗೋಡೆ ನೆಲದಿಂದ ಸ್ವಲ್ಪ ತೇವ ಎಳೆದುಕೊಂಡೇ ಇರುತ್ತದೆ, ಅದು ಗಾಳಿಗೆ ಆರಬೇಕು. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ. ಸುಣ್ಣದ ಗಾರೆ ಆರಲು ಬಿಡುತ್ತದೆ. ಸುಣ್ಣ ಅರಳಿಸಿ, ನೀರಿನಲ್ಲಿ ನೆನೆಹಾಕಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಸೇರಿಸಿ ಅರೆದು ಬಳಿದೆವು. ಬಳಿದ ಮೇಲೂ ಬೇಗ ಒಣಗದ ಹಾಗೆ ಗೋಣಿತಾಟು ಇಳಿಬಿಟ್ಟು ನೀರು ಚಿಮುಕಿಸಬೇಕು. "ಅಕ್ಕಾ, ಇದು ಸಿಮೆಂಟಿನ ಥರ ನಾಳೆಗೇ ಗಟ್ಟಿಯಾಗಲ್ಲ" ಅಂತ ಮೇಸ್ತ್ರಿ ಹೇಳುತ್ತಿದ್ದರು. ಹೌದು, ಆಗುವುದಿಲ್ಲ. ಸುಣ್ಣ ಗಾಳಿಯಿಂದ ನಿಧಾನಕ್ಕೆ ಗಟ್ಟಿಯಾಗುವ ವಸ್ತು. ಸಾಮಾನಿಗಿಂತ ಕೂಲಿಗೇ ಜಾಸ್ತಿ ದುಡ್ಡು ಹೋಗುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಸೂರಿಗೆ ಹಳೆ ಹೆಂಚನ್ನೇ ತೊಳೆದು ಮತ್ತೆ ಹಾಕಿದೆವು. ಒಡೆದು ಹೋದದ್ದಕ್ಕೆ ಬೇರೆ ಕಡೆ ಮನೆ ಕೆಡವಿದವರಿಂದ ತಂದೆವು. ಗೆದ್ದಲು ತಿಂದ ಜಂತಿ, ರೀಪುಗಳು ಹೋದವು. ಕಂಬ ಒಂದೂ ಹೋಗಲಿಲ್ಲ.

ಕರೆಂಟಿನ ವಿಷಯದಲ್ಲಿ ಹಳೆ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಗ್ರಾಹಕ ಸಂಖ್ಯೆ) ನಮ್ಮನ್ನು ಕಾಪಾಡಿತು. ಬೀಗ ಹಾಕಿದ್ದರೂ ಅಪ್ಪ ಕನಿಷ್ಠ ಬಿಲ್ ಕಟ್ಟುತ್ತಲೇ ಇದ್ದರು. ಸಂಪರ್ಕ ಜೀವಂತವಾಗಿತ್ತು, ವಿದ್ಯುತ್ ಹೊರೆ (ಲೋಡ್) ಹೆಚ್ಚಿಸಲು ಅರ್ಜಿ ಕೊಟ್ಟರೆ ಸಾಕಾಯಿತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕಟ್ಟಡದ ಪೂರ್ಣಗೊಂಡ ಪತ್ರ ಅಥವಾ ಸ್ವಾಧೀನಾನುಭವ ಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು ಅಂದ ಮೇಲೆ ಹೊಸ ಸಂಪರ್ಕ ಕೇಳುವವರು ಎಷ್ಟು ಅಲೆಯುತ್ತಿದ್ದಾರೆ ಅಂತ ನಾನು ಕಂಡಿದ್ದೇನೆ. ಪಾಳು ಮನೆ ಅಂತ ಬಿಲ್ ನಿಲ್ಲಿಸಬೇಡಿ. ಮನೆ ಕಂದಾಯವನ್ನೂ ನಿಲ್ಲಿಸಬೇಡಿ. ಆ ಸಣ್ಣ ರಸೀದಿಗಳೇ ಮನೆ ಇತ್ತು, ಇದೆ ಅನ್ನುವುದಕ್ಕೆ ಸಾಕ್ಷಿ.

ಕೆಲಸ ಮುಗಿದ ಮೇಲೆ ಪಂಚಾಯ್ತಿಗೆ ಬರೆದು ತಿಳಿಸಿದೆ. ಬಂದು ನೋಡಿ, ಅಳೆದು, ತೆರಿಗೆ ಹೊಸದಾಗಿ ನಿಗದಿ ಮಾಡಿದರು. ಮೊದಲಿಗಿಂತ ಹೆಚ್ಚಾಗಿದೆ, ಸಂತೋಷವಾಗಿ ಕಟ್ಟುತ್ತೇನೆ.

ಈಗ ಅದೇ ಓಣಿಯ ಇನ್ನೊಂದು ಮನೆಯವರು ನನ್ನ ಹತ್ತಿರ ಬಂದಿದ್ದಾರೆ. ಅವರದ್ದು ನಮಗಿಂತ ಕಷ್ಟ. ಕಂಬ, ಬಾಗಿಲು, ಹೆಂಚು ಎಲ್ಲವನ್ನೂ ಹಿಂದೆಯೇ ಮಾರಿದ್ದಾರೆ. ಸೊಂಟದೆತ್ತರದ ಗೋಡೆ ಉಳಿದಿದೆ, ಇ-ಸ್ವತ್ತಿನಲ್ಲಿ ಖಾಲಿ ನಿವೇಶನ ಅಂತ ಏರಿದೆ. ಅದನ್ನು ತಿದ್ದಿಸಲು ಹಳೆ ತೆರಿಗೆ ರಿಜಿಸ್ಟರಿನ ನಕಲಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇವೆ. ನಿಂತುಹೋದ ಕರೆಂಟಿನ ಹಳೆ ಬಿಲ್ ಒಂದು ಅವರ ಟ್ರಂಕಿನಲ್ಲಿ ಸಿಕ್ಕಿದೆ, ಆರ್‌ಆರ್ ನಂಬರ್ ಓದಲು ಬರುವಂತಿದೆ. ಉಳಿದ ಗೋಡೆ ಈ ಮಳೆಗೆ ಕರಗಬಾರದು ಅಂತ ಮೊನ್ನೆ ಅದರ ತಲೆಗೆ ತಗಡಿನ ಶೀಟು ಹಾಕಿ ಕಲ್ಲು ಹೇರಿದ್ದೇವೆ. ನಕಲು ಕೈಗೆ ಬಂದ ಕೂಡಲೇ ಸ್ಥಳ ಮಹಜರಿಗೆ ಕೇಳಬೇಕು.